ಪಿಯಾನೊ ಕಾರ್ಯಕ್ರಮದ ಮುಂಚಿನ ಭಯ: ಒಂದು ತಿಂಗಳ ತಯಾರಿ

"ಮನೇಲಿ ಒಂದೂ ತಪ್ಪಿಲ್ಲದೆ ನುಡಿಸ್ತೀನಿ. ವೇದಿಕೆ ಮೇಲೆ ಕೂತ ಕೂಡಲೇ ಕೈ ನಡುಗ್ತದೆ, ಮುಂದಿನದು ಮರೆತೇ ಹೋಗ್ತದೆ. ಏನು ಮಾಡ್ಲಿ?"

ಹುಬ್ಬಳ್ಳಿ-ಧಾರವಾಡದ ಕಡೆ ಪಿಯಾನೊ, ಕೀಬೋರ್ಡ್ ಕಲಿಯುವ ಮಕ್ಕಳು, ಅವರ ಪಾಲಕರು, ನಲವತ್ತು ದಾಟಿದ ಮೇಲೆ ಕಲಿಯಲು ಶುರು ಮಾಡಿದವರು, ಎಲ್ಲರೂ ಕೇಳುವುದು ಇದನ್ನೇ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಕೊಡುವುದಕ್ಕಿಂತ ಒಂದೇ ಕಡೆ ಬರೆದುಬಿಡುವುದು ವಾಸಿ ಅನ್ನಿಸಿತು.

ಭಯವನ್ನೇ ಓಡಿಸುವ ಉಪಾಯ ಕೇಳಿದರೆ ನನ್ನ ಹತ್ತಿರ ಇಲ್ಲ. ಯಾರ ಹತ್ತಿರವೂ ಇದ್ದಂತೆ ಕಾಣಲಿಲ್ಲ. ಹೆಸರಾಂತ ಪಿಯಾನೊ ವಾದಕ, ರಚನಕಾರ ಶೊಪೆನ್‌ಗೆ ದೊಡ್ಡ ಸಭೆ ಎಂದರೆ ಆಗುತ್ತಿರಲಿಲ್ಲ, ಮನೆಯ ಪಡಸಾಲೆಯ ಸಣ್ಣ ಕೂಟಗಳೇ ಅವರಿಗೆ ಹಿತ. ವ್ಲಾಡಿಮಿರ್ ಹೊರೊವಿಟ್ಜ್‌ರಂಥ ದೈತ್ಯ ಕಲಾವಿದ 1953ರಲ್ಲಿ ವೇದಿಕೆ ಬಿಟ್ಟವರು ಮತ್ತೆ ಹತ್ತಿದ್ದು 1965ರಲ್ಲಿ. ಅಂಥವರನ್ನೇ ಬಿಡದ ಭಯ ನಮ್ಮನ್ನು ಬಿಡುತ್ತದೆಯೇ? ನಾವು ಮಾಡಬಹುದಾದದ್ದು ಬೇರೆ: ಎದೆ ಹೊಡೆದುಕೊಳ್ಳುತ್ತಿರುವಾಗಲೂ ಕೈ ಕೆಲಸ ಮಾಡುವಂತೆ ತಯಾರಾಗುವುದು. ಹೆಚ್ಚಿನವರು ಮನೆಯಲ್ಲಿ ಪಾಠವನ್ನು ಅಭ್ಯಾಸ ಮಾಡುತ್ತಾರೆ. ಎದೆ ಹೊಡೆದುಕೊಳ್ಳುವಾಗ ನುಡಿಸುವುದನ್ನು ಅಭ್ಯಾಸ ಮಾಡಿಯೇ ಇರುವುದಿಲ್ಲ. ವೇದಿಕೆಯಲ್ಲಿ ಕೈ ಕೊಡುವುದು ಅದು.

ಬೇಕಾಗುವುದು ಇಷ್ಟು: ಕನಿಷ್ಠ ನಾಲ್ಕು ವಾರ ಸಮಯ. ರೆಕಾರ್ಡ್ ಮಾಡಲು ಒಂದು ಫೋನು. ಗುರುತು ಹಾಕಿಕೊಳ್ಳಲು ಸ್ವರಲಿಪಿಯ, ಅಂದರೆ ನೊಟೇಶನ್‌ನ, ಒಂದು ಜೆರಾಕ್ಸ್ ಪ್ರತಿ. ಮೆಟ್ರೊನೋಮ್, ಅಂದರೆ ಟಕ್ ಟಕ್ ಎಂದು ಲಯ ಹೇಳುವ ಯಂತ್ರ. ಫೋನಿನಲ್ಲೇ ಪುಕ್ಕಟೆ ಆ್ಯಪ್ ಸಿಗುತ್ತದೆ. ಕೂತು ಕೇಳಲು ನಾಲ್ಕು ಮಂದಿ. ಮತ್ತೆ, ಕಾರ್ಯಕ್ರಮದ ದಿನ ನೀವು ಯಾವ ವಾದ್ಯದ ಮೇಲೆ ನುಡಿಸುತ್ತೀರಿ ಎಂಬ ಖಚಿತ ಮಾಹಿತಿ. ಈ ಕೊನೆಯದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ಅರ್ಧ ಗೊಂದಲ ಅಲ್ಲಿಂದಲೇ ಬರುತ್ತದೆ.

1. ಮೈಯಲ್ಲಿ ಏನಾಗುತ್ತದೆ ಎಂದು ತಿಳಿದುಕೊಳ್ಳಿ

ಅಪಾಯ ಬಂತು ಎಂದು ಮೆದುಳಿಗೆ ಅನ್ನಿಸಿದಾಗ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಸೇರುತ್ತದೆ. ಎದೆಬಡಿತ ಏರುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಹೋಗುತ್ತದೆ, ಬೆರಳ ತುದಿಯ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ಅದಕ್ಕೇ ಅಂಗೈ ಬೆವರಿದರೂ ಬೆರಳು ತಣ್ಣಗಿರುತ್ತದೆ. ಬಾಯಿ ಒಣಗುತ್ತದೆ, ಹೊಟ್ಟೆಯಲ್ಲಿ ಏನೋ ತಿರುವಿದಂತಾಗುತ್ತದೆ. ಓಡಲು ಅಥವಾ ಹೊಡೆದಾಡಲು ಮೈ ಮಾಡಿಕೊಳ್ಳುವ ಸಿದ್ಧತೆ ಇದು. ಪಿಯಾನೊ ಮುಂದೆ ಓಡುವಂತಿಲ್ಲ, ಹೊಡೆದಾಡುವಂತಿಲ್ಲ. ಹಾಗಾಗಿ ಆ ಶಕ್ತಿಯೆಲ್ಲ ನಡುಕವಾಗಿ ಹೊರಗೆ ಬರುತ್ತದೆ.

ಇದರಿಂದ ನಿಮಗೆ ತಿಳಿಯಬೇಕಾದದ್ದು ಎರಡು. ಇದು ನಿಮ್ಮ ಪ್ರತಿಭೆಯ ಕೊರತೆ ಅಲ್ಲ. ಎರಡನೆಯದು, ಈ ಸ್ಥಿತಿಯಲ್ಲಿ ನಿಮ್ಮ ಕಾಲದ ಅಂದಾಜು ಕೆಡುತ್ತದೆ. ನಿಧಾನವಾಗಿ ನುಡಿಸುತ್ತಿದ್ದೇನೆ ಅನ್ನಿಸುತ್ತಿರುವಾಗ ಕೈ ನಾಗಾಲೋಟದಲ್ಲಿ ಓಡುತ್ತಿರುತ್ತದೆ. ಇದಕ್ಕೆ ಮದ್ದು ಏಳನೇ ಹಂತದಲ್ಲಿದೆ.

2. ನಿಮ್ಮ ಕೈಗಿಂತ ಒಂದು ಮೆಟ್ಟಿಲು ಕೆಳಗಿನದನ್ನು ಆರಿಸಿ

ಮೊನ್ನೆ ತಾನೇ ಕಲಿತು ಮುಗಿಸಿದ ಕಷ್ಟದ ಪಾಠವನ್ನು ವೇದಿಕೆಗೆ ಒಯ್ಯಬೇಡಿ. ಮೂರು-ನಾಲ್ಕು ತಿಂಗಳಾದರೂ ಕೈಯಲ್ಲಿ ಕೂತಿರುವುದನ್ನು ಆರಿಸಿ. ನಾಲ್ಕು ವಾರ ಮೊದಲೇ ಪಟ್ಟಿ ಗಟ್ಟಿಯಾಗಲಿ. ಆಮೇಲೆ ಯಾರು ಎಷ್ಟೇ ಒತ್ತಾಯ ಮಾಡಿದರೂ ಬದಲಿಸಬೇಡಿ. "ಆ ಫಾಸ್ಟ್ ಇರೋದನ್ನ ನುಡಿಸು, ಮಂದಿಗೆ ಇಷ್ಟ ಆಗ್ತದೆ" ಎನ್ನುವ ಸೋದರಮಾವ ಎಲ್ಲರ ಮನೆಯಲ್ಲೂ ಇರುತ್ತಾರೆ.

3. ನೆನಪನ್ನು ಬೆರಳಿಗೊಂದಕ್ಕೇ ಬಿಡಬೇಡಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲೋಣ. "ಮರೆತು ಹೋಯ್ತು" ಎನ್ನುವವರಲ್ಲಿ ಬಹುತೇಕರದು ಒಂದೇ ಕಥೆ. ನೂರು ಸಲ ನುಡಿಸಿ ನುಡಿಸಿ ಬೆರಳಿಗೆ ರೂಢಿಯಾಗಿರುತ್ತದೆ. ಒಂದು ಸ್ವರ ಮುಂದಿನ ಸ್ವರವನ್ನು ಎಳೆದು ತರುತ್ತದೆ. ಇದನ್ನು ಸ್ನಾಯು ನೆನಪು ಎನ್ನುತ್ತಾರೆ. ಮನೆಯಲ್ಲಿ ಇದು ಅದ್ಭುತವಾಗಿ ಕೆಲಸ ಮಾಡುತ್ತದೆ. ಆದರೆ ಬೆರಳು ತಣ್ಣಗಾಗಿ, ಕೀಗಳು ಬೇರೆ ಥರ ಇದ್ದು, ಜೊತೆಗೆ "ಈಗ ಮುಂದೇನು?" ಎಂದು ತಲೆ ನಡುವೆ ಬಾಯಿ ಹಾಕಿತೋ, ಸರಪಳಿ ಒಂದು ಕಡೆ ಕಡಿಯುತ್ತದೆ. ಕಡಿದಲ್ಲಿಂದ ಮುಂದಕ್ಕೆ ಹೋಗಲು ದಾರಿ ಇರುವುದಿಲ್ಲ. ಮೊದಲಿನಿಂದ ಶುರು ಮಾಡಬೇಕು. ಮತ್ತೆ ಅದೇ ಜಾಗದಲ್ಲಿ ಕಡಿಯುತ್ತದೆ.

ಪರಿಹಾರ: ನಿಲ್ದಾಣಗಳು. ಜೆರಾಕ್ಸ್ ಪ್ರತಿಯಲ್ಲಿ, ಎರಡು-ಮೂರು ನಿಮಿಷದ ಪಾಠಕ್ಕೆ ಆರರಿಂದ ಎಂಟು ಜಾಗ ಗುರುತಿಸಿ. ಹೊಸ ಸಾಲು ಶುರುವಾಗುವ ಕಡೆ, ಎಡಗೈಯ ನಡೆ ಬದಲಾಗುವ ಕಡೆ, ಮೊದಲ ಭಾಗ ತಿರುಗಿ ಬರುವ ಕಡೆ. ಒಂದರಿಂದ ಎಂಟು ನಂಬರ್ ಹಾಕಿ. ಮನೆಯಲ್ಲಿ ಯಾರಾದರೂ "ಐದು" ಎಂದರೆ ನೀವು ಲಿಪಿ ನೋಡದೆ ಐದನೇ ನಿಲ್ದಾಣದಿಂದ ಶುರು ಮಾಡಬೇಕು. "ಎರಡು" ಎಂದರೆ ಎರಡರಿಂದ. ನಂತರ ಎಂಟರಿಂದ ಹಿಂದಕ್ಕೆ ಬನ್ನಿ: ಎಂಟು ನುಡಿಸಿ, ಆಮೇಲೆ ಏಳು-ಎಂಟು, ಆಮೇಲೆ ಆರು-ಏಳು-ಎಂಟು. ಹೀಗೆ ಮಾಡಿದರೆ ಮುಂದೆ ಮುಂದೆ ಹೋದಂತೆ ಹೆಚ್ಚು ಗಟ್ಟಿ ಇರುವ ಭಾಗಕ್ಕೇ ಹೋಗುತ್ತಿರುತ್ತೀರಿ. ಮಾಮೂಲಿ ಅಭ್ಯಾಸದಲ್ಲಿ ಇದು ಉಲ್ಟಾ. ಮೊದಲ ಪುಟ ಸಾವಿರ ಸಲ ಆಗಿರುತ್ತದೆ, ಕೊನೆಯ ಪುಟ ನೂರು ಸಲ.

ಬಹಳ ಮಕ್ಕಳು ನುಡಿಸುವ ಬೀಥೋವನ್‌ರ 'ಫ್ಯೂರ್ ಎಲೀಸ್' ತೆಗೆದುಕೊಳ್ಳಿ. ಅದರ ಮೊದಲ ಭಾಗ ತಿರುಗಿ ತಿರುಗಿ ಬರುತ್ತದೆ, ನಡುವೆ ಎರಡು ಬೇರೆ ಭಾಗಗಳಿವೆ. ಒಂದು ಸಲ ಮೊದಲ ಭಾಗ ಮುಗಿದ ಮೇಲೆ ಒಂದು ದಾರಿ, ಇನ್ನೊಂದು ಸಲ ಇನ್ನೊಂದು ದಾರಿ. ಭಯದಲ್ಲಿರುವ ಮಗು ತಪ್ಪು ತಿರುವು ತೆಗೆದುಕೊಂಡು ಅದೇ ಭಾಗವನ್ನು ಸುತ್ತುತ್ತಲೇ ಇರುತ್ತದೆ. ಹೊರಗೆ ಬರುವುದು ಹೇಗೆ ಎಂದು ತಿಳಿಯುವುದಿಲ್ಲ. ಇನ್ನೊಂದು ಗುಂಡಿ, ಮೊದಲ ಭಾಗಕ್ಕೆ ಹಿಂದಿರುಗುವ ಮುಂಚೆ ಬರುವ ಇ ಮತ್ತು ಡಿ ಶಾರ್ಪ್ ಎಂಬ ಎರಡು ಸ್ವರಗಳ ಜೋಕಾಲಿ. ಎಷ್ಟು ಸಲ ಆಯಿತು, ಇನ್ನೆಷ್ಟು ಬಾಕಿ ಎಂದು ಲೆಕ್ಕ ತಪ್ಪುತ್ತದೆ. ಇಂಥ ತಿರುವುಗಳಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿ, "ಮೊದಲ ಸಲ ಇಲ್ಲಿಗೆ, ಎರಡನೇ ಸಲ ಅಲ್ಲಿಗೆ" ಎಂದು ಬಾಯಲ್ಲಿ ಹೇಳುತ್ತಾ ನುಡಿಸಿ.

ಜೊತೆಗೆ ಎಡಗೈಯನ್ನು ಒಂದೇ ನುಡಿಸಿ, ಲಿಪಿ ನೋಡದೆ. ಬಹಳ ಮಂದಿಗೆ ಇದು ಬರುವುದೇ ಇಲ್ಲ! ಬಲಗೈ ಜೊತೆಯಲ್ಲಿದ್ದರೆ ಮಾತ್ರ ಎಡಗೈಗೆ ದಾರಿ ಗೊತ್ತು. ಆಮೇಲೆ ಎಡಗೈಯ ಸಾಲನ್ನು ಗುನುಗಿ. ನಮ್ಮ ಕಡೆ ಕಿವಿಯಿಂದ ಕಲಿಯುವುದು ಹೊಸದೇನಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳು ಲಿಪಿಯ ಹಂಗಿಲ್ಲದೆ ಹಾಡು, ಹಾರ್ಮೋನಿಯಂ ಕಲಿತು ವೇದಿಕೆ ಹತ್ತುತ್ತಾರೆ. ಪಿಯಾನೊ ಕಲಿಯುವವರು ಲಿಪಿಗೆ ಅಂಟಿಕೊಂಡು ಕಿವಿಯನ್ನು ಸುಮ್ನೆ ಕೂರಿಸಿಬಿಡುತ್ತೇವೆ. ಬೆರಳು ಮರೆತಾಗ ಕೈ ಹಿಡಿಯುವುದು ಕಿವಿಯೇ.

ಲಿಪಿ ಇಟ್ಟುಕೊಂಡು ನುಡಿಸಬಹುದೇ ಎಂದು ಕೇಳುತ್ತೀರಿ. ಧಾರಾಳವಾಗಿ. ಲಂಡನ್ನಿನ ಸಂಗೀತ ಪರೀಕ್ಷಾ ಮಂಡಳಿಗಳಾದ ಟ್ರಿನಿಟಿ, ಎಬಿಆರ್‌ಎಸ್‌ಎಂ ನಡೆಸುವ ಗ್ರೇಡ್ ಪರೀಕ್ಷೆಗಳಲ್ಲಿ ಲಿಪಿ ಇಟ್ಟುಕೊಳ್ಳಬಹುದು. ಬಾಯಿಪಾಠದಿಂದ ನುಡಿಸುವ ರೂಢಿ ಯುರೋಪಿನಲ್ಲಿ ಬೆಳೆದದ್ದೇ 19ನೇ ಶತಮಾನದಲ್ಲಿ, ಲಿಸ್ಟ್ ಮತ್ತು ಕ್ಲಾರಾ ಶೂಮಾನ್ ಅಂಥ ಪಿಯಾನೊ ವಾದಕರಿಂದ. ಇನ್ನೊಬ್ಬ ದೊಡ್ಡ ಪಿಯಾನೊ ವಾದಕ ಸ್ವ್ಯಾತೊಸ್ಲಾವ್ ರಿಕ್ಟರ್ ಕೊನೆಯ ವರ್ಷಗಳಲ್ಲಿ ಕತ್ತಲ ಸಭಾಂಗಣದಲ್ಲಿ ಒಂದು ಸಣ್ಣ ದೀಪ ಹಚ್ಚಿಕೊಂಡು ಲಿಪಿ ನೋಡಿಯೇ ನುಡಿಸುತ್ತಿದ್ದರು. ಆದರೆ ಲಿಪಿ ಇಡುವುದಾದರೆ ಅಭ್ಯಾಸವನ್ನೂ ಲಿಪಿ ನೋಡುತ್ತಲೇ ಮಾಡಿ. ಮನೆಯಲ್ಲಿ ನೋಡದೆ ನುಡಿಸಿ, ವೇದಿಕೆಯಲ್ಲಿ "ಇರಲಿ" ಎಂದು ಇಟ್ಟುಕೊಂಡರೆ, ಬೇಕಾದಾಗ ಯಾವ ಸಾಲಿನಲ್ಲಿದ್ದೀರಿ ಎಂದು ಕಣ್ಣಿಗೆ ಸಿಗುವುದಿಲ್ಲ.

4. ಭಯವನ್ನು ಮನೆಗೇ ಕರೆಸಿ

ಮೂರನೇ ವಾರದಿಂದ ದಿನಕ್ಕೆ ಒಂದು ಸಲ 'ಒಂದೇ ಟೇಕ್' ಮಾಡಿ. ಬೆಳಿಗ್ಗೆ ಎದ್ದು ಮುಖ ತೊಳೆದು, ಕೈ ಬಿಸಿ ಮಾಡಿಕೊಳ್ಳದೆ, ಫೋನಿನಲ್ಲಿ ವಿಡಿಯೊ ಒತ್ತಿ ನೇರ ನುಡಿಸಿ. ತಪ್ಪಾದರೂ ನಿಲ್ಲಿಸುವಂತಿಲ್ಲ, ಎರಡನೇ ಅವಕಾಶ ಇಲ್ಲ. ಹತ್ತನೇ ಸಲಕ್ಕೆ ಚೆನ್ನಾಗಿ ಬಂದರೆ ಏನು ಬಂತು? ವೇದಿಕೆಯಲ್ಲಿ ಸಿಗುವುದು ಮೊದಲ ಸಲ ಮಾತ್ರ. ನಿಮ್ಮ ನಿಜವಾದ ಮಟ್ಟ ಈ ಬೆಳಗಿನ ಟೇಕ್‌ನಲ್ಲಿದೆ.

ಅದಾದ ಮೇಲೆ ಎದೆಬಡಿತ ಏರಿಸಿಕೊಂಡು ನುಡಿಸಿ. ಮನೆಯ ಮೆಟ್ಟಿಲು ನಾಲ್ಕೈದು ಸಲ ಓಡಿ ಹತ್ತಿಳಿದು, ಏದುಸಿರು ಬಿಡುತ್ತಲೇ ಕೂತು ಶುರು ಮಾಡಿ. ಹುಚ್ಚಾಟ ಅನ್ನಿಸಬಹುದು. ಎದೆ ಡಬಡಬ ಎನ್ನುವಾಗಲೂ ಬೆರಳು ತನ್ನ ಕೆಲಸ ಮಾಡುತ್ತದೆ ಎಂದು ಮೈಗೆ ಗೊತ್ತಾಗಲು ಇದಕ್ಕಿಂತ ಅಗ್ಗದ ದಾರಿ ಇಲ್ಲ. (ಹೃದಯದ ತೊಂದರೆ, ಉಬ್ಬಸ ಇರುವವರು ಇದನ್ನು ಬಿಡಿ.)

ಕೊನೆಯ ಎರಡು ವಾರ ಮಂದಿಯ ಮುಂದೆ. ಮೊದಲು ಮನೆಯವರು, ಆಮೇಲೆ ಪಕ್ಕದ ಮನೆಯವರು, ಆಮೇಲೆ ನಿಮಗೆ ಸ್ವಲ್ಪ ಅಂಜಿಕೆ ಇರುವ ಯಾರಾದರೂ. ಪಡಸಾಲೆಯಲ್ಲಿ ಕುರ್ಚಿ ಹಾಕಿ, ಬಾಗಿಲಿಂದ ನಡೆದು ಬಂದು, ನಮಸ್ಕಾರ ಮಾಡಿ, ಕೂತು, ನುಡಿಸಿ, ಎದ್ದು ಮತ್ತೆ ನಮಸ್ಕಾರ ಮಾಡಿ ಹೊರಗೆ ಹೋಗುವವರೆಗೆ ಪೂರ್ತಿ. ಕಾರ್ಯಕ್ರಮದ ಬಟ್ಟೆಯಲ್ಲೇ ಒಂದು ಸಲ ಆಗಲಿ. ಸೀರೆ ಉಟ್ಟು ಪೆಡಲ್ ತುಳಿಯುವುದು, ಗಾಜಿನ ಬಳೆ ಕೀಗಳ ಮೇಲೆ ಕಿಣಿಕಿಣಿ ಎನ್ನುವುದು, ಜುಬ್ಬಾದ ತೋಳು ಬೆರಳಿನವರೆಗೆ ಜಾರುವುದು, ಇವೆಲ್ಲ ಆ ದಿನವೇ ಗೊತ್ತಾಗಬಾರದು. ಒಮ್ಮೆ ನೀವು ನುಡಿಸುವಾಗ ಮಧ್ಯದಲ್ಲಿ ಯಾರಾದರೂ ಫೋನ್ ರಿಂಗ್ ಮಾಡಲಿ, ಇನ್ನೊಬ್ಬರು ಎದ್ದು ಓಡಾಡಲಿ. ನಮ್ಮ ಸಭೆಗಳಲ್ಲಿ ಇದು ಆಗದೇ ಇರುವುದುಂಟೆ?

5. ವಾದ್ಯವನ್ನು ಮುಂಚೆ ಮುಟ್ಟಿ ನೋಡಿ

ಗಾಯಕರಿಗೆ ಗಂಟಲು ಜೊತೆಗೇ ಇರುತ್ತದೆ, ತಬಲಾದವರು ತಮ್ಮ ತಬಲಾ ತರುತ್ತಾರೆ. ಪಿಯಾನೊದವರ ಪಾಡು ಹಾಗಲ್ಲ. ಅಲ್ಲಿ ಏನಿದೆಯೋ ಅದನ್ನೇ ನುಡಿಸಬೇಕು. ನಮ್ಮ ಕಡೆ ಹೆಚ್ಚಿನವರ ಮನೆಯಲ್ಲಿರುವುದು 61 ಕೀಗಳ ಕೀಬೋರ್ಡ್, ಯಾವ ಕಂಪನಿಯದಾದರೂ 'ಕ್ಯಾಸಿಯೊ' ಎಂದೇ ಕರೆಯುವುದು. ಪರೀಕ್ಷೆಯಲ್ಲೋ ಯಾವುದೋ ಶಾಲೆಯ ಸಭಾಂಗಣದಲ್ಲೋ ಎದುರಾಗುವುದು 88 ಕೀಗಳ ಅಸಲಿ ಪಿಯಾನೊ, ಅಂದರೆ ಒಳಗೆ ತಂತಿಯನ್ನು ಸುತ್ತಿಗೆ ಹೊಡೆಯುವಂಥದ್ದು. ಕೂತ ಕೂಡಲೇ ಮೂರು ಕಡೆ ಎಡವುತ್ತಾರೆ.

ಮೊದಲನೆಯದು ಜಾಗ. ನಡುವಿನ ಸಾ ಸ್ಥಾನದಂತೆ ನಾವು ಹಿಡಿಯುವ 'ಮಿಡಲ್ ಸಿ' 61ರ ಕೀಬೋರ್ಡಿನಲ್ಲಿ ಸಾಮಾನ್ಯವಾಗಿ ಎಡದಿಂದ ಮೂರನೇ ಸಿ. 88ರ ಪಿಯಾನೊದಲ್ಲಿ ನಾಲ್ಕನೆಯದು. ಗಾಬರಿಯಲ್ಲಿ ಮೂರು ಎಣಿಸಿ ಶುರು ಮಾಡಿದರೆ ಇಡೀ ಪಾಠ ಒಂದು ಸಪ್ತಕ ಕೆಳಗೆ, ಗುಂಯ್ ಎಂದು ಕೇಳುತ್ತದೆ. ಕೂತ ಮೇಲೆ ಹೊಕ್ಕುಳ ಎದುರಿಗೆ ಏನಿದೆ ನೋಡಿಕೊಳ್ಳಿ. 88ರಲ್ಲಿ ಮಿಡಲ್ ಸಿ ನಡುಮಧ್ಯದಲ್ಲಿಲ್ಲ, ಸ್ವಲ್ಪ ಎಡಕ್ಕಿದೆ.

ಎರಡನೆಯದು ತೂಕ. ಕೀಬೋರ್ಡಿನ ಕೀ ಸ್ಪ್ರಿಂಗಿನದು, ಮುಟ್ಟಿದರೆ ಸಾಕು. ಪಿಯಾನೊದ ಕೀಯನ್ನು ಕೆಳಗಿನವರೆಗೆ, ಸುಮಾರು 1 ಸೆಂಟಿಮೀಟರ್, ಒತ್ತಬೇಕು. ಮೆಲ್ಲಗೆ ಒತ್ತಿದರೆ ಸ್ವರವೇ ಹೊರಡದಿರಬಹುದು. ಇದಕ್ಕೆ ಅಭ್ಯಾಸ ಬೇಕು. ಪಿಯಾನೊ ಇರುವ ಚರ್ಚು, ಶಾಲೆ ಅಥವಾ ಗುರುಗಳ ಮನೆಯಲ್ಲಿ ಮುಂಚೆ ಕೇಳಿಕೊಂಡು ವಾರಕ್ಕೆ ಅರ್ಧ ಗಂಟೆಯಾದರೂ ಕೂರಿ. ಅದೂ ಸಿಗದಿದ್ದರೆ 'ವೇಯ್ಟೆಡ್ ಕೀ' ಇರುವ, ಅಂದರೆ ಕೀಗೆ ಪಿಯಾನೊದಷ್ಟೇ ಭಾರ ಕೊಟ್ಟಿರುವ, ಡಿಜಿಟಲ್ ಪಿಯಾನೊ ಯಾರ ಹತ್ತಿರ ಇದೆ ಹುಡುಕಿ.

ಮೂರನೆಯದು ಪೆಡಲ್. ಬಲಗಡೆಯದು ಸ್ವರವನ್ನು ಉಳಿಸುವುದು, ಎಡಗಡೆಯದು ಮೆತ್ತಗೆ ಮಾಡುವುದು. ಗೋಡೆಗೆ ಒರಗಿಸಿಡುವ ಅಪ್‌ರೈಟ್ ಪಿಯಾನೊಗಳಲ್ಲಿ ನಡುವಿನದು ಹೆಚ್ಚಾಗಿ ಅಭ್ಯಾಸದ ಪೆಡಲ್. ಒತ್ತಿ ಪಕ್ಕಕ್ಕೆ ಸರಿಸಿದರೆ ಸುತ್ತಿಗೆಗೂ ತಂತಿಗೂ ನಡುವೆ ಬಟ್ಟೆಯ ಪಟ್ಟಿ ಬಂದು ದನಿ ಅಡಗುತ್ತದೆ. ಮುಂಚೆ ನುಡಿಸಿದವರು ಅದನ್ನು ಹಾಗೇ ಬಿಟ್ಟು ಹೋಗಿದ್ದರೆ "ಪಿಯಾನೊ ಕೆಟ್ಟಿದೆ" ಎಂದು ಗಾಬರಿ ಬೀಳಬೇಡಿ. ಕಾಲಲ್ಲಿ ಒಮ್ಮೆ ತಟ್ಟಿ ಮೇಲೆ ಬಿಡಿ.

ವೇದಿಕೆಯಲ್ಲಿ ಕೀಬೋರ್ಡೇ ಇದ್ದರೆ ಎಚ್ಚರಿಕೆಗಳು ಬೇರೆ. 'ಟ್ರಾನ್ಸ್‌ಪೋಸ್' ಎಂಬ ಗುಂಡಿ ಇಡೀ ವಾದ್ಯದ ಶ್ರುತಿಯನ್ನು ಏರಿಸಿ ಇಳಿಸುತ್ತದೆ. ನಿಮಗಿಂತ ಮುಂಚೆ ಯಾರೋ ಹಾಡಿನವರಿಗೆ ಕರಿ ಎರಡಕ್ಕೆ ಬೇಕೆಂದು ಅದನ್ನು ಒತ್ತಿರುತ್ತಾರೆ. ಸೊನ್ನೆಗೆ ತನ್ನಿ. ಇನ್ನೂ ಸುಲಭ ದಾರಿ: ಪೂರ್ತಿ ಆಫ್ ಮಾಡಿ ಆನ್ ಮಾಡಿ. ಬಹಳಷ್ಟು ಕೀಬೋರ್ಡುಗಳು ಹಳೆಯ ಸೆಟ್ಟಿಂಗ್ ಮರೆತು ಮೊದಲಿನಂತೆ ಬರುತ್ತವೆ, ಆದರೂ ಒಂದು ಸ್ವರ ಒತ್ತಿ ಕೇಳಿ ನೋಡಿ. ಆನ್ ಮಾಡುವಾಗ ಪೆಡಲ್ ಮೇಲೆ ಕಾಲಿಡಬೇಡಿ. ಕೆಲವು ಕೀಬೋರ್ಡುಗಳಲ್ಲಿ ಆಗ ಪೆಡಲ್ ಉಲ್ಟಾ ಆಗುತ್ತದೆ, ಒತ್ತಿದರೆ ಸ್ವರ ಕಡಿಯುತ್ತದೆ, ಬಿಟ್ಟರೆ ಉಳಿಯುತ್ತದೆ. ನಯವಾದ ನೆಲದ ಮೇಲೆ ಪೆಡಲ್ ಜಾರಿಕೊಂಡು ಹೋಗುತ್ತದೆ, ಟೇಪ್ ಹಚ್ಚಿ. ಕರೆಂಟ್ ಹೋದರೆ ಜನರೇಟರ್ ಇದೆಯೇ ಕೇಳಿ, ಬ್ಯಾಟರಿ ಹಾಕುವಂತಿದ್ದರೆ ಹಾಕಿಸಿ. ಮೈಕಿನವರಿಗೆ "ಮಾನಿಟರ್ ಕೊಡಿ" ಎಂದು ಹೇಳಿ. ಅದು ನಿಮ್ಮ ಕಡೆಗೇ ಮುಖ ಮಾಡಿದ ಸ್ಪೀಕರ್. ಇಲ್ಲದಿದ್ದರೆ ಸಭೆಗೆ ಕೇಳುವುದು ನಿಮಗೆ ಕೇಳುವುದಿಲ್ಲ, ಜೋರಾಗಿ ಬಡಿಯಲು ಶುರು ಮಾಡುತ್ತೀರಿ.

ಕೂರುವ ಜಾಗದ ಬಗ್ಗೆ ಯಾರೂ ಮಾತಾಡುವುದಿಲ್ಲ, ನಾನು ಮಾತಾಡುತ್ತೇನೆ. ನಮ್ಮ ಸಭೆಗಳಲ್ಲಿ ನಿಮಗೆ ಸಿಗುವುದು ಕೈ ಇರುವ ಪ್ಲಾಸ್ಟಿಕ್ ಕುರ್ಚಿ. ಕುರ್ಚಿಯ ಕೈ ಮೊಣಕೈಗೆ ತಾಗುತ್ತದೆ, ಎತ್ತರವೂ ಸಾಲದು. ಕೀಗಳ ಮೇಲೆ ಕೈ ಇಟ್ಟಾಗ ಮೊಣಕೈ ಕೀಗಳ ಮಟ್ಟಕ್ಕೆ, ಅಥವಾ ಒಂದು ಕೂದಲು ಮೇಲೆ ಇರಬೇಕು. ಕೆಳಗಿದ್ದರೆ ಮಣಿಕಟ್ಟು ಬಿಗಿಯುತ್ತದೆ, ಬಿಗಿದ ಕೈ ಜಾಸ್ತಿ ನಡುಗುತ್ತದೆ. ಕೈ ಇಲ್ಲದ ಕುರ್ಚಿ ಅಥವಾ ಸ್ಟೂಲ್ ಕೇಳಿ. ಎತ್ತರ ಸಾಲದಿದ್ದರೆ ಕುರ್ಚಿಯ ಮೇಲೆ ಅದೇ ಥರದ ಇನ್ನೊಂದು ಕುರ್ಚಿ ಏರಿಸಿ. ಮೆತ್ತನೆ ದಿಂಬು ಬೇಡ, ಅಲುಗಾಡುತ್ತದೆ.

6. ಹಿಂದಿನ ದಿನ ಮತ್ತು ಆ ದಿನ

ಹಿಂದಿನ ದಿನ ಪೂರ್ತಿ ವೇಗದಲ್ಲಿ ನುಡಿಸಬೇಡಿ. ಅರ್ಧ ವೇಗದಲ್ಲಿ ಎರಡು ಸಲ ಸಾಕು. ಉಗುರು ಕತ್ತರಿಸಿ. ಬೇಗ ಮಲಗಿ. ನಿದ್ದೆ ಬರದಿದ್ದರೂ ಸುಮ್ನೆ ಮಲಗಿರಿ, ಒಂದು ರಾತ್ರಿ ನಿದ್ದೆ ಕಡಿಮೆಯಾಯಿತೆಂದು ಗಾಬರಿ ಬೇಡ.

ಊಟ ಎರಡು ಗಂಟೆ ಮೊದಲು, ಹಗುರವಾಗಿ. ಮೊಸರನ್ನ, ಬಾಳೆಹಣ್ಣು ಸಾಕು. ಗಿರ್ಮಿಟ್-ಮಿರ್ಚಿ ಕಾರ್ಯಕ್ರಮ ಮುಗಿದ ಮೇಲೆ. ಚಹಾ, ಕಾಫಿ ದಿನಾ ಕುಡಿಯುವವರು ಎಂದಿನಷ್ಟೇ ಕುಡಿಯಿರಿ. "ಚುರುಕು ಬರಲಿ" ಎಂದು ಎರಡು ಕಪ್ ಜಾಸ್ತಿ ಕುಡಿದರೆ ಚುರುಕು ಬೆರಳ ನಡುಕದಲ್ಲಿ ಕಾಣುತ್ತದೆ. ಕೆಫೀನ್‌ನ ಅರ್ಧದಷ್ಟು ಮೈಯಿಂದ ಹೋಗಲು ಸುಮಾರು 5 ಗಂಟೆ ಬೇಕು.

ಹುಬ್ಬಳ್ಳಿಯವರು ಧಾರವಾಡದ ಸೃಜನಾ ರಂಗಮಂದಿರಕ್ಕೋ ವಿದ್ಯಾವರ್ಧಕ ಸಂಘಕ್ಕೋ ಹೋಗುವುದಿದ್ದರೆ, ಧಾರವಾಡದವರು ಹುಬ್ಬಳ್ಳಿಯ ಸವಾಯಿ ಗಂಧರ್ವ ಸಭಾಂಗಣಕ್ಕೆ ಬರುವುದಿದ್ದರೆ, ಚಿಗರಿ ಬಸ್ಸಿನ ಲೆಕ್ಕದ ಮೇಲೆ ಮುಕ್ಕಾಲು ಗಂಟೆ ಹೆಚ್ಚಿಗೆ ಇಟ್ಟುಕೊಳ್ಳಿ. ಏದುಸಿರು ಬಿಡುತ್ತಾ ಒಳಗೆ ನುಗ್ಗಿದವರಿಗೆ ಐದನೇ ಹಂತದ ಯಾವುದನ್ನೂ ಮಾಡಲು ಆಗುವುದಿಲ್ಲ.

ಈಗ ಯಾವ ವಿದೇಶಿ ಪುಸ್ತಕವೂ ಹೇಳದ ಸಂಗತಿ. ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 6 ಎಂದಿರುತ್ತದೆ. ಅತಿಥಿಗಳು ಬರಬೇಕು, ದೀಪ ಹಚ್ಚಬೇಕು, ಪ್ರಾರ್ಥನೆ, ಸ್ವಾಗತ, ಸನ್ಮಾನ, ಭಾಷಣ. ನಿಮ್ಮ ಸರದಿ ಎಂಟೂವರೆಗೆ. ಆರಕ್ಕೆ ಸಿದ್ಧವಾಗಿದ್ದ ಮೈ ಅಷ್ಟರೊಳಗೆ ಸೋತಿರುತ್ತದೆ. ಹಾಗಾಗಿ ಗಡಿಯಾರ ನೋಡಿ ತಯಾರಾಗಬೇಡಿ. ನಿಮಗಿಂತ ಎರಡು ಸರದಿ ಮುಂಚಿನವರು ವೇದಿಕೆಗೆ ಹೋದಾಗ ನಿಮ್ಮ ತಯಾರಿ ಶುರುವಾಗಲಿ, ಅಲ್ಲಿಯವರೆಗೆ ಹೊರಗೆ ಓಡಾಡಿಕೊಂಡಿರಿ. ಇನ್ನೊಂದು: ಕೊನೆಯ ಗಳಿಗೆಯಲ್ಲಿ ಸಂಘಟಕರು ಬಂದು "ಟೈಮ್ ಆಗಿದೆ, ಎರಡೇ ನಿಮಿಷ ಮುಗಿಸಿಬಿಡಿ" ಎನ್ನುತ್ತಾರೆ. ಅಲ್ಲೇ ನಿಂತು ಏನು ಬಿಡಲಿ ಎಂದು ಯೋಚಿಸಿದರೆ ಕೆಟ್ಟಿತು. ಎಲ್ಲಿಂದ ಎಲ್ಲಿಗೆ ಹಾರಿ ಮುಗಿಸಬೇಕೆಂದು ಮನೆಯಲ್ಲೇ ಗೊತ್ತು ಮಾಡಿ, ಆ ಮೊಟಕು ರೂಪವನ್ನೂ ಅಭ್ಯಾಸ ಮಾಡಿರಿ.

ತೆರೆಮರೆಯಲ್ಲಿ ಮಾಡುವುದು ಇಷ್ಟೇ. ಮೂಗಿನಿಂದ ನಾಲ್ಕು ಎಣಿಸುವಷ್ಟು ಉಸಿರು ಒಳಗೆ, ಆರರಿಂದ ಎಂಟು ಎಣಿಸುವಷ್ಟು ಹೊರಗೆ, ಎರಡು-ಮೂರು ನಿಮಿಷ. ಹೊರಗೆ ಬಿಡುವುದು ಉದ್ದವಾದಷ್ಟೂ ಎದೆಬಡಿತ ಇಳಿಯುತ್ತದೆ. ಜೋರು ಜೋರಾಗಿ ಉಸಿರು ಎಳೆದುಕೊಳ್ಳಬೇಡಿ, ತಲೆ ಸುತ್ತಿ ಬೆರಳು ಜುಮ್ಮೆನ್ನುತ್ತದೆ. ಡಿಸೆಂಬರ್-ಜನವರಿಯ ಧಾರವಾಡದ ಚಳಿಯಲ್ಲಾದರೆ ಫ್ಲಾಸ್ಕಿನಲ್ಲಿ ಬಿಸಿನೀರು ಒಯ್ದು ಕರವಸ್ತ್ರ ಅದ್ದಿ ಕೈಗೆ ಸುತ್ತಿಕೊಳ್ಳಿ, ಆಮೇಲೆ ಚೆನ್ನಾಗಿ ಒರೆಸಿ. ತೊಡೆಯ ಸ್ನಾಯು ಬಿಗಿದು ಹತ್ತು ಎಣಿಸಿ ಬಿಡಿ, ಭುಜವನ್ನು ಕಿವಿಯವರೆಗೆ ಎತ್ತಿ ಬಿಡಿ.

"ಭಯ ಇಲ್ಲ, ಭಯ ಇಲ್ಲ" ಎಂದು ಹೇಳಿಕೊಳ್ಳಬೇಡಿ. ಎದೆ ಹೊಡೆದುಕೊಳ್ಳುತ್ತಿರುವಾಗ ಈ ಸುಳ್ಳನ್ನು ಮೈ ನಂಬುವುದಿಲ್ಲ. ಅಲಿಸನ್ ವುಡ್ ಬ್ರೂಕ್ಸ್ ಎಂಬ ಸಂಶೋಧಕಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾಡುವ, ಭಾಷಣ ಮಾಡುವ ಮುಂಚೆ ಶಾಂತವಾಗಲು ಹೆಣಗಿದವರಿಗಿಂತ "ನನಗೆ ಉತ್ಸಾಹ ಬಂದಿದೆ" ಎಂದು ಹೇಳಿಕೊಂಡವರು ಚೆನ್ನಾಗಿ ಮಾಡಿದರು. ಕಾರಣ ಸರಳ. ಉತ್ಸಾಹದಲ್ಲೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ, ಹೆಸರು ಬದಲಿಸಿದರೆ ಸಾಕು. "ನುಡಿಸಲು ಮೈ ತಯಾರಾಗಿದೆ" ಎಂದು ಹೇಳಿಕೊಳ್ಳಿ.

7. ಕೂತ ಮೇಲಿನ ಅರ್ಧ ನಿಮಿಷ

ನಮ್ಮ ಊರಿನ ಸಂಗೀತ ಸಭೆಗಳನ್ನು ನೋಡಿದವರಿಗೆ ಗೊತ್ತು. ಖಯಾಲ್ ಹಾಡುವವರು ಬಂದು ಕೂತು ತಾನ್‌ಪುರಾ ಶ್ರುತಿ ನೋಡುತ್ತಾರೆ, ತಬಲಾದವರು ಸುತ್ತಿಗೆಯಿಂದ ತಟ್ಟಿಕೊಳ್ಳುತ್ತಾರೆ, ಆಮೇಲೆ ನಿಧಾನದ ಆಲಾಪ. ಗಂಟಲು, ಮನಸ್ಸು ಕೂರಲು ಹತ್ತು ನಿಮಿಷ ಸಿಗುತ್ತದೆ. ಪಿಯಾನೊದವರಿಗೆ ಆ ಪುಣ್ಯ ಇಲ್ಲ. ಮೊದಲ ಸ್ವರದಿಂದಲೇ ಪೂರ್ತಿ ಬೆಳಕಿನಲ್ಲಿ ನಿಲ್ಲಬೇಕು. ಅದಕ್ಕೆ ನಿಮ್ಮ ತಾನ್‌ಪುರಾ ಸಮಯವನ್ನು ನೀವೇ ಮಾಡಿಕೊಳ್ಳಿ. ಕುರ್ಚಿ ಸರಿಪಡಿಸಿ. ಬಲ ಹಿಮ್ಮಡಿ ನೆಲಕ್ಕೆ ಊರಿ, ಪೆಡಲ್ ಮೇಲಿನ ಕಾಲು ನಡುಗುವುದು ಇದರಿಂದ ತಗ್ಗುತ್ತದೆ. ಫ್ಯಾನ್ ಗಾಳಿಗೆ ಲಿಪಿ ಹಾರದಂತೆ ಬಟ್ಟೆ ಕ್ಲಿಪ್ ಹಾಕಿ. ಕೈ ತೊಡೆಯ ಮೇಲೆ ಇಟ್ಟು ಒಂದು ಉದ್ದ ಉಸಿರು ಬಿಡಿ.

ಆಮೇಲೆ ನಿಮ್ಮ ಪಾಠದ ಅತಿ ಕಷ್ಟದ ಸಾಲನ್ನು ಮನಸ್ಸಿನಲ್ಲಿ ಗುನುಗಿ. ಆ ಸಾಲು ಆರಾಮಾಗಿ ಬರುವ ವೇಗ ಯಾವುದೋ ಅದೇ ನಿಮ್ಮ ವೇಗ. ಅದರಿಂದ ಮೊದಲ ಸಾಲಿಗೆ ಬನ್ನಿ. ಸುಲಭದ ಮೊದಲ ಸಾಲಿನ ವೇಗದಲ್ಲಿ ಶುರು ಮಾಡಿದವರೆಲ್ಲ ಎರಡನೇ ಪುಟದಲ್ಲಿ ಸಿಕ್ಕಿಬೀಳುತ್ತಾರೆ. ಇಷ್ಟಕ್ಕೆ ನಿಮಗೆ ಒಂದು ಯುಗ ಕಳೆದಂತೆ ಅನ್ನಿಸುತ್ತದೆ. ಸಭೆಗೆ ಅದು ಅರ್ಧ ನಿಮಿಷ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

8. ತಪ್ಪಾದಾಗ

ಆಗುತ್ತದೆ. ಮುಖ ಸಿಂಡರಿಸಬೇಡಿ, ನಾಲಿಗೆ ಕಚ್ಚಬೇಡಿ, ಗುರುಗಳ ಕಡೆ ನೋಡಬೇಡಿ. ಒಂದು ತಪ್ಪು ಸ್ವರ ಸಭೆಯ ಹೆಚ್ಚಿನವರಿಗೆ ತಿಳಿಯುವುದೇ ಇಲ್ಲ. ನಿಮ್ಮ ಮುಖ ಹೇಳಿದರೆ ತಿಳಿಯುತ್ತದೆ. ತಪ್ಪಿದ್ದನ್ನು ಹಿಂದಕ್ಕೆ ಹೋಗಿ ಸರಿಪಡಿಸುವ ಚಟ ಮನೆಯಲ್ಲೇ ಬಿಡಿ, ಲಯ ಕಡಿದರೆ ಮಾತ್ರ ಎಲ್ಲರಿಗೂ ಗೊತ್ತಾಗುತ್ತದೆ. ಪೂರ್ತಿ ಮರೆತೇ ಹೋಯಿತೇ? ಎಡಗೈ ಏನು ನುಡಿಸುತ್ತಿದೆಯೋ ಅದನ್ನೇ ಎರಡು ಆವರ್ತನ ಮುಂದುವರಿಸಿ, ಮುಂದಿನ ನಿಲ್ದಾಣಕ್ಕೆ ಹಾರಿ. ಹಿಂದಿನದಕ್ಕೆ ಹೋಗಬೇಡಿ, ಮುಂದಿನದಕ್ಕೇ. ಮೂರನೇ ಹಂತದಲ್ಲಿ ನಂಬರ್ ಹಾಕಿದ್ದು ಈ ಒಂದು ಗಳಿಗೆಗಾಗಿ.

ಮಾತ್ರೆಯ ಬಗ್ಗೆ ಕೇಳುವವರಿಗೆ

ಪ್ರೊಪ್ರನೊಲೋಲ್ ಎಂಬ ಬೀಟಾ ಬ್ಲಾಕರ್ ಮಾತ್ರೆಯನ್ನು ವಿದೇಶಗಳಲ್ಲಿ ಕೆಲವು ಸಂಗೀತಗಾರರು ಬಳಸುವುದು ನಿಜ. ಅದು ಅಡ್ರಿನಲಿನ್‌ನ ಪರಿಣಾಮವನ್ನು ತಡೆದು ಎದೆಬಡಿತ, ನಡುಕ ಇಳಿಸುತ್ತದೆ. ಉಬ್ಬಸ ಇರುವವರಿಗೆ ಇದು ಅಪಾಯಕಾರಿ. ರಕ್ತದೊತ್ತಡ ಕಡಿಮೆ ಇರುವವರಿಗೆ, ಕೆಲವು ಹೃದಯದ ತೊಂದರೆ ಇರುವವರಿಗೂ ಆಗುವುದಿಲ್ಲ. ಗೆಳೆಯರು ಕೊಟ್ಟರೆಂದೋ, ಔಷಧಿ ಅಂಗಡಿಯಲ್ಲಿ ಸಿಕ್ಕಿತೆಂದೋ ತೆಗೆದುಕೊಳ್ಳಬೇಡಿ. ಮಕ್ಕಳಿಗಂತೂ ಆ ಯೋಚನೆಯೇ ಬೇಡ. ವಾರಗಟ್ಟಲೆ ನಿದ್ದೆ, ಊಟ ಕೆಡುವಷ್ಟು, ಶಾಲೆಗೆ ಹೋಗಲೂ ಹೆದರುವಷ್ಟು ಭಯ ಇದ್ದರೆ ವೈದ್ಯರ ಹತ್ತಿರ ಹೋಗಿ. ಧಾರವಾಡದ ಡಿಮ್ಹಾನ್ಸ್‌ನಂಥ ಮಾನಸಿಕ ಆರೋಗ್ಯ ಸಂಸ್ಥೆ ನಮ್ಮ ಊರಲ್ಲೇ ಇದೆ.

ಪಾಲಕರಿಗೆ

ಮಗು ವೇದಿಕೆಗೆ ಹೋಗುವ ಮುಂಚೆ "ತಪ್ಪು ಮಾಡಬೇಡ" ಎನ್ನಬೇಡಿ, ಅದರ ಕಿವಿಗೆ ಬೀಳುವುದು 'ತಪ್ಪು' ಒಂದೇ. ಮುಂದಿನ ಸಾಲಿನಲ್ಲಿ ಕೂತು ಫೋನ್ ಹಿಡಿದು ವಿಡಿಯೊ ಮಾಡಬೇಡಿ. ಹಿಂದೆ ಯಾರಿಗಾದರೂ ಕೊಟ್ಟು ಮಾಡಿಸಿ. ಆ ವಿಡಿಯೊವನ್ನು ಅದೇ ರಾತ್ರಿ ಮಗುವಿಗೆ ತೋರಿಸಲೂ ಬೇಡಿ, ಸಂಬಂಧಿಕರ ಗ್ರೂಪಿಗೆ ಹಾಕಲೂ ಬೇಡಿ. ಎರಡು ದಿನ ಬಿಟ್ಟು ಗುರುಗಳ ಜೊತೆ ಕೂತು ನೋಡಲಿ, ಎಲ್ಲಿ ಎಡವಿತು, ಯಾವ ನಿಲ್ದಾಣ ಕೆಲಸಕ್ಕೆ ಬಂತು ಎಂದು ಲಿಪಿಯ ಪ್ರತಿಯ ಮೇಲೆ ಬರೆದುಕೊಳ್ಳಲಿ. ಮುಂದಿನ ಅವಕಾಶಕ್ಕೆ ವರ್ಷ ಕಾಯಿಸಬೇಡಿ. ಭಾದ್ರಪದದಲ್ಲಿ ನಿಮ್ಮ ಓಣಿಯ ಗಣಪತಿ ಪೆಂಡಾಲಿನಲ್ಲಿ ಸಂಜೆ ಮಕ್ಕಳ ಕಾರ್ಯಕ್ರಮ ಇದ್ದರೆ, ಅದೇ ಪಾಠಕ್ಕೆ ಐದು ನಿಮಿಷ ಕೇಳಿ ಹೆಸರು ಬರೆಸಿ.